ಪದಚರ್ಚೆ: ರೇಡಿಯೇಟರನ್ನು ಬಿಚ್ಚುವುದೋ, ಕಳಚುವುದೋ, ಇಳಿಸುವುದೋ? (ತುರ್ತು)

ಚಿಕ್ಕಮಗಳೂರಿನಿಂದ:

ಬಳಗದವರಿಗೆ ನಮಸ್ಕಾರ. ಹಳೇ ಅಂಬಾಸಿಡರ್ ಕಾರುಗಳ ಕೆಲಸ ಕಲಿಯುವ ಹುಡುಗರಿಗಾಗಿ ಗ್ಯಾರೇಜಿನ ಗೋಡೆಗೆ ಒಂದು ತಗಡಿನ ಫಲಕ ಬರೆಸಬೇಕಾಗಿದೆ. ವಿಷಯ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರನ್ನು ಕಾರಿನಿಂದ ತೆಗೆದು ಮತ್ತೆ ಹಾಕುವುದು. ಬರಹ ನಾಳೆ ಸಂಜೆಯೊಳಗೆ ಪೇಂಟರ್ ಕೈ ಸೇರಬೇಕು. ಕೈಪಿಡಿ ಇಂಗ್ಲಿಷಿನದು, ಅಲ್ಲಿ ‘ರಿಮೂವಿಂಗ್ ಅಂಡ್ ರೀಫಿಟಿಂಗ್’ ಎಂದಿದೆ. ಸದ್ಯಕ್ಕೆ ‘ರೇಡಿಯೇಟರ್ ಬಿಚ್ಚುವಿಕೆ ಮತ್ತು ಪುನರ್ಜೋಡಣೆ’ ಎಂದು ಬರೆದಿಟ್ಟಿದ್ದೇನೆ. ಮನಸ್ಸಿಗೆ ಒಪ್ಪುತ್ತಿಲ್ಲ.

ಬೇಕಾದದ್ದು ಮೂರು: ತಲೆಬರಹಕ್ಕೆ ಎರಡು ಕ್ರಿಯಾಪದ, ಅಡಿಯಲ್ಲಿ ನೀರು ಹೊರಬಿಡುವ ಡ್ರೈನ್ ಕಾಕಿಗೆ ಒಂದು ಹೆಸರು, ನಡುವಿನ ಕೊಳವೆ-ರೆಕ್ಕೆಗಳ ಭಾಗಕ್ಕೆ, ಅಂದರೆ ಕೋರಿಗೆ, ಇನ್ನೊಂದು. ಫಲಕದ ಅಗಲ ಮೂರೇ ಅಡಿ, ಅಕ್ಷರ ಎರಡು ಅಂಗುಲ. ಉದ್ದದ ಸಮಾಸಕ್ಕೆ ಜಾಗವಿಲ್ಲ.

ಹಾಸನದಿಂದ:

‘ರೇಡಿಯೇಟರ್’ ಪದವನ್ನು ಹಾಗೇ ಬಿಟ್ಟು ಮಿಕ್ಕದ್ದಕ್ಕೆ ಕನ್ನಡ ಹುಡುಕಿ ಏನು ಬಂತು? ಲ್ಯಾಟಿನ್ನಿನ ‘ರೇಡಿಯಸ್’ ಅಂದರೆ ಕಿರಣ, ಗಾಲಿಯ ಅರ. ಕಿರಣವಾಗಿ ಹೊರಸೂಸುವುದು ವಿಕಿರಣ, ಸೂಸುವ ಸಾಧನ ವಿಕಿರಕ. ತಲೆಬರಹ ‘ವಿಕಿರಕದ ವಿಯೋಜನೆ, ಸಂಯೋಜನೆ’ ಎಂದಾಗಲಿ. ಇನ್ನೊಂದು ಮಾತು: ‘ಪುನರ್ಜೋಡಣೆ’ ಸಲ್ಲದು. ಪುನರ್ ಸಂಸ್ಕೃತದ್ದು, ಜೋಡಣೆ ಕನ್ನಡದಲ್ಲಿ ಆದದ್ದು. ಅರಿಸಮಾಸ. ಇಷ್ಟು ಸಾಕು.

ಸಕಲೇಶಪುರದಿಂದ:

ವಿಕಿರಕ ಬೇಡ. ಸಂಸ್ಕೃತ ಎಂಬ ಕಾರಣಕ್ಕಲ್ಲ, ವಿಜ್ಞಾನಕ್ಕೇ ತಪ್ಪು ಎಂಬ ಕಾರಣಕ್ಕೆ. ಕಾರಿನ ರೇಡಿಯೇಟರ್ ಶಾಖ ಕಳೆದುಕೊಳ್ಳುವುದು ಬಹುಪಾಲು ಗಾಳಿಯ ಮೂಲಕ. ಬಿಸಿನೀರಿಂದ ಹಿತ್ತಾಳೆ ಕೊಳವೆಗೆ, ಕೊಳವೆಯಿಂದ ತಾಮ್ರದ ರೆಕ್ಕೆಗೆ, ರೆಕ್ಕೆಯಿಂದ ಹಾದುಹೋಗುವ ಗಾಳಿಗೆ. ಇದು ವಹನ, ಸಂವಹನ. ವಿಕಿರಣದ ಪಾಲು ತೀರಾ ಸ್ವಲ್ಪ. ಇಂಗ್ಲಿಷಿನವರು ಹೆಸರಿಡುವಾಗ ಮಾಡಿದ ತಪ್ಪನ್ನು ನಾವು ಸಂಸ್ಕೃತಕ್ಕೆ ತಿರುಗಿಸಿ ಕಲಿಯುವ ಹುಡುಗರ ಎದುರು ಯಾಕೆ ತೂಗುಹಾಕಬೇಕು? ರೇಡಿಯೇಟರ್ ರೇಡಿಯೇಟರೇ ಆಗಿರಲಿ. ಅದು ಬರಿಯ ಹೆಸರು, ವಿವರಣೆಯಲ್ಲ.

ಕ್ರಿಯಾಪದದ ವಿಷಯ ಹಾಗಲ್ಲ, ಅಲ್ಲಿ ತಪ್ಪಿದರೆ ಕೆಲಸವೇ ಕೆಡುತ್ತದೆ. ಬಿಚ್ಚುವುದು ಗಂಟನ್ನು, ಪೊಟ್ಟಣವನ್ನು, ಬೋಲ್ಟನ್ನು. ‘ರೇಡಿಯೇಟರ್ ಬಿಚ್ಚು’ ಅಂದರೆ ನಮ್ಮ ಕಡೆ ಬೆಸುಗೆ ಕರಗಿಸಿ ಮೇಲಿನ ತೊಟ್ಟಿಯನ್ನು ಬೇರ್ಪಡಿಸಿ, ಒಳಗಿನ ಕೊಳವೆಗಳಿಗೆ ಕಡ್ಡಿ ಆಡಿಸುವ ಕೆಲಸ. ಅದು ರೇಡಿಯೇಟರ್ ಅಂಗಡಿಯವರದು, ಕಲಿಯುವ ಹುಡುಗರದ್ದಲ್ಲ. ಕಳಚುವುದು ಕೊಂಡಿಯನ್ನು, ಸರಪಳಿಯನ್ನು. ‘ಕಳಚಿತು’ ಅಂದರೆ ತಾನಾಗಿ ಬಿದ್ದುಹೋಯಿತು ಎಂಬ ಅರ್ಥವೂ ಬರುತ್ತದೆ. ಒಂದು ಭಾಗವನ್ನು ಇಡಿಯಾಗಿ ಗಾಡಿಯಿಂದ ಈಚೆಗೆ ತೆಗೆಯುವುದಕ್ಕೆ ಗ್ಯಾರೇಜಿನಲ್ಲಿ ಇರುವ ಮಾತು ‘ಇಳಿಸು’. ಎಂಜಿನ್ ಇಳಿಸಿದರು, ಗೇರ್‌ಬಾಕ್ಸ್ ಇಳಿಸಿದರು, ರೇಡಿಯೇಟರ್ ಇಳಿಸಿದರು. ಹಿಂದಕ್ಕೆ ಹಾಕುವುದು ‘ಕೂರಿಸು’. ತಲೆಬರಹ ‘ರೇಡಿಯೇಟರ್ ಇಳಿಸಿ ಕೂರಿಸುವುದು’. ಒಂದೇ ಸಾಲು.

ಹಾಸನದಿಂದ:

ರೇಡಿಯೇಟರನ್ನು ಬಾನೆಟ್ಟಿನಿಂದ ಮೇಲಕ್ಕೆ ಎತ್ತಿ ತೆಗೆಯುತ್ತೀರಿ. ಮೇಲೆತ್ತುವುದಕ್ಕೆ ‘ಇಳಿಸು’ ಎನ್ನುವುದು ಹೇಗೆ? ಅಸಂಗತ.

ಸಕಲೇಶಪುರದಿಂದ:

ಒಲೆ ಮೇಲಿನ ಪಾತ್ರೆಯನ್ನೂ ಮೊದಲು ಮೇಲಕ್ಕೇ ಎತ್ತುತ್ತೇವೆ. ಆದರೂ ‘ಅನ್ನ ಇಳಿಸು’ ಅನ್ನುತ್ತೇವೆ. ಇಳಿಸು ಎಂಬುದು ಕೈಯ ದಿಕ್ಕನ್ನು ಹೇಳುವ ಮಾತಲ್ಲ, ಇದ್ದ ನೆಲೆಯಿಂದ ನೆಲಕ್ಕೆ ತರುವುದನ್ನು ಹೇಳುವ ಮಾತು. ಎಂಜಿನ್ನನ್ನೂ ಚೈನ್ ಬ್ಲಾಕಿನಲ್ಲಿ ಮೇಲೆತ್ತಿಯೇ ಇಳಿಸುವುದು.

‘ಕೂರಿಸು’ ಬಗ್ಗೆಯೂ ಹೇಳಿಬಿಡುತ್ತೇನೆ. ಜೋಡಿಸುವುದು ಹಲವು ಬಿಡಿಭಾಗಗಳನ್ನು ಒಂದಾಗಿಸುವುದು. ಇಲ್ಲಿ ಒಂದೇ ವಸ್ತು ತನ್ನ ಜಾಗಕ್ಕೆ ಮರಳುತ್ತದೆ. ‘ಕೂತಿದೆ’ ಅಂದರೆ ಓರೆಯಿಲ್ಲದೆ, ಅಲುಗದೆ, ಎಳೆತವಿಲ್ಲದೆ ನೆಲೆಗೊಂಡಿದೆ ಎಂದು. ರೇಡಿಯೇಟರಿಗೆ ಬೇಕಾದದ್ದು ಅದೇ. ಪಕ್ಕದ ಬೋಲ್ಟುಗಳ ತೂತು ಸರಿಯಾಗಿ ಎದುರುಬದುರಾಗದೆ ಇದ್ದಾಗ ಬೋಲ್ಟ್ ಬಿಗಿದು ಎಳೆದುಕೊಂಡರೆ, ಆ ಎಳೆತ ತೆಳು ಹಿತ್ತಾಳೆಯ ಬೆಸುಗೆಯ ಮೇಲೆ ಬೀಳುತ್ತದೆ. ಇವತ್ತು ಸೋರುವುದಿಲ್ಲ. ಕೆಲವು ದಿನ ರಸ್ತೆಯ ಕುಲುಕು ತಿಂದ ಮೇಲೆ ತೊಟ್ಟಿಯ ಅಂಚಿನಲ್ಲಿ ಸಣ್ಣಗೆ ಜಿನುಗಲು ಶುರು. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಲ್ಲೇ ಹಿಡಿಸಬೇಕು, ಅಡಿಯ ರಬ್ಬರ್ ಇದ್ದರೆ ಅದನ್ನು ಮರೆಯದೆ ಇಡಬೇಕು, ಆಮೇಲೆ ಸ್ಪ್ಯಾನರ್. ‘ಕೂರಿಸಿ, ನಂತರ ಬಿಗಿಯಿರಿ’ ಎಂಬ ಮೂರು ಪದದಲ್ಲಿ ಇಷ್ಟೂ ಇದೆ. ‘ಸಂಯೋಜಿಸಿ’ ಎಂಬುದರಲ್ಲಿ ಇದು ಯಾವುದೂ ಇಲ್ಲ.

ಬೇಲೂರಿನಿಂದ:

ರೇಡಿಯೇಟರಿಗೆ ಅಚ್ಚಗನ್ನಡ ಇಲ್ಲ ಎಂದು ಇಷ್ಟು ಬೇಗ ಕೈಬಿಡಬಾರದು. ಹಳಗನ್ನಡದ ‘ಕುಳಿರ್’ ಅಂದರೆ ತಂಪು, ಚಳಿ. ಕುಳಿರ್ಗಾಳಿ ಎಂಬುದನ್ನು ಓದಿದವರೆಲ್ಲ ಬಲ್ಲರು. ತಮಿಳು, ಮಲಯಾಳಗಳಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ, ಕಳೆದುಕೊಂಡವರು ನಾವು. ‘ಕುಳಿರ್ಗೂಡು’ ಅನ್ನಿ. ‘ಕೂರಿಸು’ ಕೂಡ ಅದೇ ಬೇರಿನದು ಎಂದು ನನ್ನ ನಂಬಿಕೆ, ತಣಿದದ್ದು ತಾನೇ ಕೂರುವುದು. ಇಡೀ ತಲೆಬರಹ ಒಂದೇ ಬೇರಿನಿಂದ ಮೂಡುತ್ತದೆ. ಕಾಪಾಡಿಕೊಳ್ಳಬೇಕಾದ್ದು ಇಂಥದ್ದನ್ನು.

ಹಾಸನದಿಂದ:

ಕುಳಿರ್ ಬೇರೆ, ಕುಳ್ಳಿರ್ ಬೇರೆ. ಎರಡನೆಯದರಲ್ಲಿ ‘ಇರ್’ ಧಾತು ಎದ್ದು ಕಾಣುತ್ತಿದೆ. ದನಿ ಹೋಲಿದ್ದಕ್ಕೆಲ್ಲ ನೆಂಟಸ್ತಿಕೆ ಕಟ್ಟಬೇಡಿ.

ಬೇಲೂರಿನಿಂದ:

ಬೇರಿನ ಮಾತು ಬಿಡೋಣ. ಕುಳಿರ್ಗೂಡಿಗೆ ತಕರಾರೇನು? ‘ನಿಲ್ದಾಣ’ವನ್ನೂ ಯಾರೋ ಕಟ್ಟಿದ್ದೇ ಅಲ್ಲವೇ? ನಿಲ್ ಎಂಬುದಕ್ಕೆ ತಾಣ ಸೇರಿತು, ತಕಾರ ದಕಾರವಾಯಿತು, ಈಗ ಊರೂರಿನ ಬಸ್ಸುಗಳ ಮುಂದೆ ನಿಂತಿದೆ. ಬಳಸಿದರೆ ಬಳಕೆಯಾಗುತ್ತದೆ.

ಅರಸೀಕೆರೆಯಿಂದ:

ನಿಲ್ದಾಣ ಉಳಿದದ್ದು ಎರಡೂ ತುಂಡು ಜನರ ಬಾಯಲ್ಲಿ ಮೊದಲೇ ಇದ್ದದ್ದರಿಂದ. ಕುಳಿರ್ ಇವತ್ತು ಯಾರ ಬಾಯಲ್ಲಿದೆ? ಸಾಬೂನು, ಚಾವಿ ಪೋರ್ಚುಗೀಸರಿಂದ ಬಂದವು. ಅರ್ಜಿ, ಜಮೀನು ಪಾರಸಿ-ಅರಬ್ಬಿ ದಾರಿಯಲ್ಲಿ ಬಂದವು. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಕೂತು ‘ಕಾಫಿ’ಗೆ ಅಚ್ಚಗನ್ನಡ ಹುಡುಕಿದವರು ಯಾರೂ ಇಲ್ಲ, ಆ ಪದದ ಮೂಲ ಅರಬ್ಬಿ. ಬಂದ ಪದ ನಮ್ಮ ವಿಭಕ್ತಿ ತೊಟ್ಟುಕೊಂಡರೆ ನಮ್ಮದೇ. ರೇಡಿಯೇಟರಿಗೆ, ರೇಡಿಯೇಟರಿನ, ರೇಡಿಯೇಟರಿಂದ. ಅಷ್ಟೇ.

ಬೇಲೂರಿನಿಂದ:

ವಿಭಕ್ತಿ ಹಚ್ಚಿದ್ದೆಲ್ಲ ಕನ್ನಡವಾದರೆ ನಿಘಂಟೇ ಬೇಡ. ಹೀಗೆ ಬಿಡುತ್ತ ಹೋದರೆ ನಾಳೆ ಕ್ರಿಯಾಪದವೂ ಹೋಗುತ್ತದೆ. ‘ರಿಮೂವ್ ಮಾಡಿ, ಫಿಟ್ ಮಾಡಿ’ ಎಂಬುದು ಈಗಾಗಲೇ ಎಲ್ಲ ಕಡೆ ಬಂದಿಲ್ಲವೇ?

ಮೂಡಿಗೆರೆಯಿಂದ:

ಕಡೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಾಮಪದ ಬರಲಿ, ಕ್ರಿಯಾಪದ ಕೊಡಬಾರದು. ಆದರೆ ಕೇಳಿದವರಿಗೆ ನಾಳೆಯೇ ಬೇಕು. ಡ್ರೈನ್ ಕಾಕಿನ ಮಾತನ್ನು ಇನ್ನೂ ಯಾರೂ ಎತ್ತಿಲ್ಲ.

ನೀರು ಹೊರಬಿಡುವುದಕ್ಕೆ ನಮ್ಮಲ್ಲಿ ‘ಬಸಿ’ ಇದೆ. ಅನ್ನ ಬಸಿಯುತ್ತೇವೆ, ತೋಟದಲ್ಲಿ ಬಸಿಗಾಲುವೆ ತೆಗೆಯುತ್ತೇವೆ. ಸುರಿಯುವುದಲ್ಲ, ಚೆಲ್ಲುವುದಲ್ಲ, ಅಡಿಯಿಂದ ತಾನಾಗಿ ಇಳಿದು ಬರಲು ಬಿಡುವುದು. ರೇಡಿಯೇಟರಿನಲ್ಲಿ ಆಗುವುದು ಅದೇ. ಹಾಗೆಂದು ‘ಬಸಿನಲ್ಲಿ’ ಎಂದು ಸಮಾಸ ಮಾಡಬೇಡಿ. ಗ್ಯಾರೇಜಿನ ಗೋಡೆಯ ಮೇಲೆ ಅದನ್ನು ಓದುವವರು ‘ಬಸ್ಸಿನಲ್ಲಿ’ ಎಂದೇ ಓದುತ್ತಾರೆ. ಎರಡು ಪದವಾಗಿ ‘ಬಸಿಯುವ ನಲ್ಲಿ’ ಎಂದು ಬರೆಸಿ. ನಲ್ಲಿ ಎರಡಿವೆ ಎಂಬುದನ್ನೂ ಬರೆಸಿ: ರೇಡಿಯೇಟರಿನ ಅಡಿಯಲ್ಲಿ ಒಂದು, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಇನ್ನೊಂದು. ಎರಡನೆಯದನ್ನು ತೆರೆದಾಗ ಒಂದು ಹನಿಯೂ ಬಾರದಿದ್ದರೆ ಒಳಗೆ ಖಾಲಿ ಎಂದು ತಿಳಿಯಬಾರದು. ಹಳೇ ಎಂಜಿನ್ನಿನಲ್ಲಿ ತುಕ್ಕಿನ ಗಷ್ಟು ಆ ತೂತಿನ ಬಾಯಲ್ಲೇ ಕಟ್ಟಿಕೊಂಡಿರುತ್ತದೆ, ಕಾಫಿ ಸೋಸಿದ ಮೇಲೆ ಉಳಿಯುವ ಗಷ್ಟಿನ ಹಾಗೆ, ಬಣ್ಣ ಮಾತ್ರ ಇಟ್ಟಿಗೆ ಕೆಂಪು. ತಂತಿ ಆಡಿಸಿದರೆ ಮೊದಲು ಕೆಸರು ಬಂದು ಆಮೇಲೆ ನೀರು ಬರುತ್ತದೆ.

ಬಸಿದದ್ದನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದಿಡಬೇಕು. ವಾಪಸ್ ತುಂಬುವಾಗ ಅದಕ್ಕಿಂತ ಒಂದು ಲೀಟರ್ ಕಡಿಮೆಯೇ ಹಿಡಿಸಿತು ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ನೀರಿಗೆ ಕೂಲಂಟ್ ಎಂಬ ತಣಿಸುವ ದ್ರವ ಬೆರೆಸಿದ್ದರೆ ನೆಲಕ್ಕೆ ಬಿಡಬಾರದು. ಅದರ ಗ್ಲೈಕಾಲ್ ಸಿಹಿ, ನಾಯಿ, ದನ ನೆಕ್ಕಿದರೆ ಪ್ರಾಣಕ್ಕೇ ಅಪಾಯ.

ಹೋಸಿಗೆ ಸಂಬಂಧಿಸಿ ಫಲಕದಲ್ಲಿ ಒಂದು ಪದ ಖಂಡಿತ ಇರಲಿ: ‘ಕಚ್ಚಿಕೊಂಡಿದ್ದರೆ’. ಹಳೇ ರಬ್ಬರ್ ಹೋಸು ರೇಡಿಯೇಟರಿನ ಕುತ್ತಿಗೆಗೆ ಅಂಟಿರುವುದಲ್ಲ, ಕಚ್ಚಿಕೊಂಡಿರುತ್ತದೆ. ಕ್ಲಿಪ್ಪು ಸಡಿಲ ಮಾಡಿದ ಮೇಲೂ ಬಾರದೆ ಇದ್ದರೆ ಹಿಡಿದು ತಿರುಚಬಾರದು, ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಕುತ್ತಿಗೆಯ ಹಿತ್ತಾಳೆ ತೆಳು. ಅದು ಮೊಟ್ಟೆಯಾಕಾರಕ್ಕೆ ತಿರುಗಿದರೆ ಹೊಸ ಹೋಸು ಎಷ್ಟು ಬಿಗಿದರೂ ಸೋರುತ್ತದೆ, ಬುಡದ ಬೆಸುಗೆ ಬಿಟ್ಟರೆ ಇಡೀ ರೇಡಿಯೇಟರ್ ಅಂಗಡಿಗೆ ಹೋಗಬೇಕು. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ, ಬಾಳೆದಿಂಡಿನ ಪಟ್ಟೆ ಸುಲಿದ ಹಾಗೆ ಬಿಡಿಸಬೇಕು. ಹೋಸು ಹೋದರೆ ಹೋಗಲಿ, ಹೇಗೂ ಹೊಸದು ಹಾಕಬೇಕು. ಕೆಳಗಿನ ಹೋಸಿನ ಒಳಗೆ ತಂತಿಯ ಸುರುಳಿ ಇದ್ದರೆ ಅದನ್ನು ತೆಗೆದು ಹೊಸದರೊಳಗೆ ಹಾಕಬೇಕು. ಪಂಪು ನೀರು ಎಳೆಯುವುದು ಕೆಳಗಿನಿಂದ. ಸುರುಳಿ ಇಲ್ಲದಿದ್ದರೆ ಎಂಜಿನ್ ಜೋರಾಗಿ ಓಡುವಾಗ ಹೋಸು ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ನಿಲ್ಲಿಸಿ ನೋಡಿದರೆ ಮತ್ತೆ ದುಂಡಗೆ ಇರುತ್ತದೆ, ತಪ್ಪು ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಎತ್ತುವ ಮೊದಲು ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ರಟ್ಟು ಇಳಿಬಿಡಿ. ಕೂರಿಸುವಾಗಲೂ ಹಾಗೆಯೇ. ಫ್ಯಾನಿನ ಅಂಚು ತಾಗಿದರೆ ರೆಕ್ಕೆ ಮಡಚುತ್ತದೆ, ಕೊಳವೆಗೆ ಗೀರು ಬೀಳುತ್ತದೆ.

ಬೇಲೂರಿನಿಂದ:

ಬಸಿಯುವ ನಲ್ಲಿಗೆ ನನ್ನ ಒಪ್ಪಿಗೆ ಇದೆ. ಆದರೆ ಕೋರ್? ಅಲ್ಲಾದರೂ ‘ಗೂಡು’ ಬರಲಿ.

ಸಕಲೇಶಪುರದಿಂದ:

ಬರಲಿ, ಅದಕ್ಕೆ ಆಧಾರವೂ ಇದೆ. 1901ರ ಹೊತ್ತಿಗೆ ಮರ್ಸಿಡಿಸ್ ಕಾರಿಗೆ ಜರ್ಮನಿಯ ಎಂಜಿನಿಯರ್ ಮೇಬ್ಯಾಕ್ ರೂಪಿಸಿದ ರೇಡಿಯೇಟರಿಗೆ ಜೇನುಗೂಡು ಎಂಬ ಅರ್ಥದ ಹೆಸರೇ ಇತ್ತು. ಅಂಬಾಸಿಡರಿನದು ಆ ಬಗೆಯದಲ್ಲ, ಕೊಳವೆ ಮತ್ತು ರೆಕ್ಕೆಯದು. ಗ್ಯಾರೇಜಿನಲ್ಲಿ ಆ ಭಾಗಕ್ಕೆ ‘ಜಾಲಿ’ ಅನ್ನುತ್ತಾರೆ. ನನ್ನ ಮತ ಜಾಲಿಗೆ. ಸಾಲು ಹೀಗಿರಲಿ: ‘ಜಾಲಿಗೆ ಗಾಳಿಯನ್ನು ಎಂಜಿನ್ ಕಡೆಯಿಂದ ಊದಿ’. ಹುಳ, ಹುಲ್ಲಿನ ಹೊಟ್ಟು ಮುಂದಿನಿಂದ ಹೊಕ್ಕಿರುತ್ತವೆ, ಬಂದ ದಾರಿಯಲ್ಲೇ ಹೊರಗೆ ಹಾಕಬೇಕು. ಒಳಗಿನ ಕೊಳವೆ ತೊಳೆಯುವಾಗಲೂ ಹಿಂದುಮುಂದಾಗಿ, ಕೆಳಬಾಯಿಯಿಂದ ನೀರು ಬಿಟ್ಟು ಮೇಲ್ಬಾಯಿಯಿಂದ ಬರಿಸಬೇಕು.

ಹಾಸನದಿಂದ:

ಜಾಲ ಸಂಸ್ಕೃತ, ಜಾಲಿ ಹಿಂದಿಯಿಂದ ಬಳಸಿ ಬಂದದ್ದು. ಆದರೂ ನಾನು ತಡೆಯುವುದಿಲ್ಲ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೂ ಅರಿಸಮಾಸ ಸಲ್ಲದೆಂದವನು ಬಿರುದಾವಳಿಗೆ ಬಿಟ್ಟುಕೊಟ್ಟಿದ್ದಾನೆ. ಬಳಕೆಗೆ ಅಷ್ಟು ಮಾನ ಕೊಡಲೇಬೇಕು. ‘ಜಾಲಿ’ಯನ್ನು ಮುಳ್ಳಿನ ಮರ ಎಂದು ಓದುವವರಿರುತ್ತಾರೆ, ಚಿತ್ರದ ಮೇಲೆ ಬಾಣದ ಗುರುತು ಹಾಕಿಸಿ.

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ಕೃತಜ್ಞತೆ. ಪೇಂಟರಿಗೆ ಕೊಡುತ್ತಿರುವ ಬರಹ ಇದು.

‘ರೇಡಿಯೇಟರ್ ಇಳಿಸಿ ಕೂರಿಸುವುದು. ಎಂಜಿನ್ ಪೂರ್ತಿ ತಣಿಯಲಿ. ಮುಚ್ಚಳ ತೆಗೆಯಿರಿ. ಬಸಿಯುವ ನಲ್ಲಿ ಎರಡನ್ನೂ ತೆರೆಯಿರಿ, ನೀರು ಅಳೆಯಿರಿ. ಹೋಸು ಕಚ್ಚಿಕೊಂಡಿದ್ದರೆ ಸೀಳಿ, ತಿರುಚಬೇಡಿ. ಫ್ಯಾನಿನ ಮುಂದೆ ರಟ್ಟು ಇಡಿ. ಬೋಲ್ಟ್ ಬಿಚ್ಚಿ, ನೇರ ಮೇಲಕ್ಕೆ ಎತ್ತಿ. ಜಾಲಿಗೆ ಎಂಜಿನ್ ಕಡೆಯಿಂದ ಗಾಳಿ ಊದಿ. ಕೂರಿಸಿ, ನಂತರ ಬಿಗಿಯಿರಿ. ಹೋಸು ಹಾಕಿ, ನೀರು ತುಂಬಿ. 7 ಪೌಂಡ್ ಮುಚ್ಚಳ ಹಾಕಿ.’

ಮೂಡಿಗೆರೆಯಿಂದ:

ಎರಡು ತಿದ್ದುಪಡಿ, ಪೇಂಟರ್ ಬ್ರಷ್ ಹಿಡಿಯುವ ಮೊದಲೇ.

ಮೊದಲನೆಯದು, ‘7 ಪೌಂಡ್ ಮುಚ್ಚಳ’ ಎಂದು ಬರೆದರೆ ಹುಡುಗರು ತೂಕ ಅಂದುಕೊಳ್ಳುತ್ತಾರೆ. ಅದು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡ. ‘ಹಳೇ ಮುಚ್ಚಳದ ಮೇಲಿನ ಅಂಕಿಯದ್ದೇ ಹೊಸದೂ ಇರಲಿ’ ಎಂದು ಬರೆಸಿ. ಈಗಿನ ಕಾರುಗಳ 13, 15 ಪೌಂಡಿನ ಮುಚ್ಚಳ ಹಾಕಿದರೆ ಹಳೇ ಬೆಸುಗೆ ಅದನ್ನು ತಾಳುವುದಿಲ್ಲ. ಮುಚ್ಚಳದ ರಬ್ಬರ್ ಸತ್ತಿದ್ದು ಒತ್ತಡವೇ ನಿಲ್ಲದಿದ್ದರೆ ನಮ್ಮ ಕಡೆ ಅದೂ ಕೆಡುಕೇ. ಚಿಕ್ಕಮಗಳೂರಿನ ಎತ್ತರಕ್ಕೆ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಮುಳ್ಳಯ್ಯನಗಿರಿ ತುದಿಯಲ್ಲಿ 93-94ಕ್ಕೆ. 7 ಪೌಂಡ್ ಒತ್ತಡ ನಿಂತರೆ ನಿಮ್ಮ ಊರಲ್ಲಿ 109ರ ಆಸುಪಾಸಿನವರೆಗೆ ತಡೆಯುತ್ತದೆ. ಗಿರಿ ಹತ್ತುವ ಹಳೇ ಗಾಡಿಗೆ ಈ ಹದಿಮೂರು ಡಿಗ್ರಿಯೇ ಆಸರೆ.

ಎರಡನೆಯದು, ತುಂಬುವ ಸಾಲು ತೀರಾ ಮೊಟಕು. ಬೋರ್‌ವೆಲ್ ನೀರು ಬೇಡ, ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ನೀರು, ಅದಕ್ಕೆ ಕೂಲಂಟ್. ನಿಧಾನವಾಗಿ ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಓಡಿಸಿ, ಥರ್ಮೋಸ್ಟಾಟ್ (ಬಿಸಿಗೆ ತಾನೇ ತೆರೆಯುವ ಕವಾಟ) ತೆರೆದು ಮೇಲಿನ ಹೋಸು ಬಿಸಿಯಾದ ಮೇಲೆ ಮಟ್ಟ ಇಳಿಯುತ್ತದೆ, ಆಗ ಮತ್ತೆ ತುಂಬಿ. ಬಾಯಿಂದ ಒಂದು ಅಂಗುಲ ಕೆಳಗೆ ನಿಲ್ಲಿಸಿ. ಮತ್ತೆ, ‘ಹೋಸು ಹಾಕಿ’ ಮತ್ತು ‘ನೀರು ತುಂಬಿ’ ಇವುಗಳ ನಡುವೆ ‘ನಲ್ಲಿ ಎರಡನ್ನೂ ಮುಚ್ಚಿ’ ಎಂಬುದು ಬಿಟ್ಟುಹೋಗಿದೆ.