ಎರಡು ಲಕ್ಷ ಆನೆ ಸೀಲ್‌ಗಳಿದ್ದರೂ ತಳಿ ವೈವಿಧ್ಯ ಏಕೆ ಇಷ್ಟು ಕಡಿಮೆ?

ಪ್ರಶ್ನೆ: ಪೊನ್ನಂಪೇಟೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದು, ಸೆಮಿನಾರಿಗೆ ಸೀಲ್‌ಗಳ ಆನುವಂಶಿಕ ವೈವಿಧ್ಯವನ್ನು ಆರಿಸಿಕೊಂಡಿದ್ದೇನೆ. ಕೊಡಗಿನಲ್ಲಿ ಕುಳಿತು ಕಡಲಿನ ಪ್ರಾಣಿ ಏಕೆಂದು ಗೆಳತಿಯರು ನಗುತ್ತಿದ್ದಾರೆ. ಆದರೆ ಇಷ್ಟು ಚೆನ್ನಾಗಿ ದಾಖಲಾದ ಉದಾಹರಣೆ ನನಗೆ ಬೇರೆ ಸಿಗಲಿಲ್ಲ.

ಉತ್ತರದ ಆನೆ ಸೀಲ್‌ಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಕೊಲ್ಲುತ್ತಾ ಬಂದು, ಕೊನೆಗೆ ಮೆಕ್ಸಿಕೊದ ಗ್ವಾಡಲೂಪ್ ದ್ವೀಪದಲ್ಲಿ ಕೆಲವೇ ಕೆಲವು ಉಳಿದವು. 1922ರಲ್ಲಿ ಮೆಕ್ಸಿಕೊ ರಕ್ಷಣೆ ನೀಡಿದ ಮೇಲೆ ಅವು ಕ್ಯಾಲಿಫೋರ್ನಿಯದ ದಡಗಳವರೆಗೂ ಹಬ್ಬಿ, ಈಗ ಎರಡು ಲಕ್ಷವನ್ನು ದಾಟಿವೆ. ಆದರೂ 1974ರಲ್ಲಿ ಬಾನೆಲ್ ಮತ್ತು ಸೆಲಾಂಡರ್ 24 ಜೀನ್ ತಾಣಗಳ ಪ್ರೋಟೀನುಗಳನ್ನು ಪರೀಕ್ಷಿಸಿದಾಗ ಒಂದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಸಂಖ್ಯೆ ಮರಳಿದರೂ ವೈವಿಧ್ಯ ಏಕೆ ಮರಳಲಿಲ್ಲ? ಇನ್ನೊಂದು ಸಂದೇಹ: ಕಡಲಿಗೆ ಬೇಲಿಯಿಲ್ಲದಿರುವಾಗ ಬೇರೆ ಜಾತಿಯ ಸೀಲ್‌ಗಳ ಕಾಲೊನಿಗಳು (ಒಂದೇ ದಡದಲ್ಲಿ ಮರಿ ಹಾಕುವ ಗುಂಪುಗಳು) ಒಂದರಿಂದ ಒಂದು ಹೇಗೆ ಭಿನ್ನವಾಗುತ್ತವೆ?

ಉತ್ತರ: ಮಡಿಕೇರಿಯ ಜೀವಶಾಸ್ತ್ರ ಉಪನ್ಯಾಸಕಿ

ಸಂಖ್ಯೆ ಹೆಚ್ಚುವುದಕ್ಕೆ ಮರಿಗಳು ಹುಟ್ಟಿದರೆ ಸಾಕು. ಕಳೆದುಹೋದ ವೈವಿಧ್ಯ ಮತ್ತೆ ಮೂಡುವುದಕ್ಕೆ ಮ್ಯುಟೇಶನ್, ಅಂದರೆ ಜೀನ್‌ಗಳಲ್ಲಿ ತಾನಾಗಿ ಬದಲಾವಣೆ, ಆಗಬೇಕು, ಅದಕ್ಕೆ ಸಾವಿರಾರು ತಲೆಮಾರುಗಳು ಹಿಡಿಯುತ್ತವೆ. ಹಾಗಾಗಿ ಇಂದಿನ ಎರಡು ಲಕ್ಷವೂ ಅಂದು ಗ್ವಾಡಲೂಪಿನಲ್ಲಿ ಬದುಕುಳಿದವು ಹೊತ್ತಿದ್ದ ಜೀನ್‌ಗಳ ಪ್ರತಿಗಳೇ.

ತಲೆಯೆಣಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ಆನೆ ಸೀಲ್‌ಗಳಲ್ಲಿ ಒಂದು ಬಲಿಷ್ಠ ಗಂಡು ದಡದ ಒಂದು ಭಾಗವನ್ನು ಹಿಡಿದುಕೊಂಡು ಹತ್ತಾರು ಹೆಣ್ಣುಗಳನ್ನು ಕಾಯುತ್ತದೆ. ಬಹುಪಾಲು ಗಂಡುಗಳಿಗೆ ಒಂದು ಮರಿಯೂ ಹುಟ್ಟದೆ ಆಯುಷ್ಯ ಮುಗಿಯುತ್ತದೆ. ಸಂತಾನ ಪಡೆಯುವ ಗಂಡು ಹೆಣ್ಣುಗಳ ಸಂಖ್ಯೆಗಳನ್ನು ಪರಸ್ಪರ ಗುಣಿಸಿ, ಅದರ ನಾಲ್ಕರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಪರಿಣಾಮಕಾರಿ ಸಂಖ್ಯೆ ಸಿಗುತ್ತದೆ. 5 ಗಂಡು, 100 ಹೆಣ್ಣು ಎಂದಿಟ್ಟುಕೊಂಡರೆ ಉತ್ತರ ಸುಮಾರು 19. ಅಂದರೆ 105 ಪ್ರಾಣಿಗಳ ಆ ಗುಂಪು 19 ಪ್ರಾಣಿಗಳಷ್ಟೇ ಇರುವ ಗುಂಪಿನ ವೇಗದಲ್ಲಿ, ಪ್ರತಿ ತಲೆಮಾರಿಗೆ ಶೇ. 2.6ರಷ್ಟು ವೈವಿಧ್ಯವನ್ನು ಕಳೆದುಕೊಳ್ಳುತ್ತದೆ.

ಈ ಲೆಕ್ಕದಲ್ಲಿ ನೀವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಂದೇ ತಲೆಮಾರಿನ ಕುಸಿತದಿಂದ ಅಪರೂಪದ ಜೀನ್ ರೂಪಗಳು ಅಳಿಯುತ್ತವೆ, ಆದರೆ ಒಟ್ಟು ವೈವಿಧ್ಯ ಅಷ್ಟೇನೂ ಇಳಿಯುವುದಿಲ್ಲ. ಕುಸಿತ ಹಲವು ತಲೆಮಾರು ಮುಂದುವರಿದಾಗಲೇ ನಿಜವಾದ ನಷ್ಟ. ಆನೆ ಸೀಲ್‌ಗಳಿಗೆ ಆದದ್ದು ಅದು. 1892ರಲ್ಲಿ ಗ್ವಾಡಲೂಪಿಗೆ ಹೋದ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ತಂಡಕ್ಕೆ ಕಂಡದ್ದು ಎಂಟು ಸೀಲ್‌ಗಳು, ಅವುಗಳಲ್ಲಿ ಏಳನ್ನು ಸಂಗ್ರಹಾಲಯಕ್ಕೆಂದು ಅವರೇ ಕೊಂದರು. ವಿಜ್ಞಾನದ ಹೆಸರಿನಲ್ಲಿ ನಡೆದ ಇಂಥ ಅವಿವೇಕವನ್ನು ಸೆಮಿನಾರಿನಲ್ಲಿ ಬಿಡದೆ ಹೇಳಿ.

ಉತ್ತರ: ವಿರಾಜಪೇಟೆ ಮೂಲದ ಸಂಶೋಧಕ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸೀಲ್‌ಗಳು ಸಾವಿರಾರು ಕಿಲೋಮೀಟರ್ ಈಜಿದರೂ ಮರಿ ಹಾಕಲು ಹೆಣ್ಣುಗಳು ತಾವು ಹುಟ್ಟಿದ ದಡಕ್ಕೇ ಮರಳುವುದು ಹೆಚ್ಚು. ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಜಾರ್ಜಿಯದ ಬರ್ಡ್ ದ್ವೀಪದ ತುಪ್ಪಳ ಸೀಲ್‌ಗಳಲ್ಲಂತೂ ಹೆಣ್ಣು ತಾನು ಹುಟ್ಟಿದ ಜಾಗದಿಂದ ಕೆಲವೇ ಮೀಟರ್ ದೂರದಲ್ಲಿ ಮರಿ ಹಾಕುತ್ತದೆ. ಅಲ್ಲಿ ದಡದ ಮೇಲೆಯೇ ಅಟ್ಟಣಿಗೆಯ ಕಾಲುದಾರಿ ಕಟ್ಟಿದ್ದಾರೆ. ಸಂಶೋಧಕರು ಅದರ ಮೇಲೆ ನಡೆದು ಪ್ರತಿಯೊಂದು ಪ್ರಾಣಿಯನ್ನೂ ಗುರುತಿಸುತ್ತಾರೆ. ಮರಿಯ ಈಜುಗಾಲಿನ ಅಂಚಿನಿಂದ ಚೂರು ಚರ್ಮ ತೆಗೆಯಲು ಬಳಸುವುದು ಹಂದಿಮರಿಗಳ ಕಿವಿಗೆ ಗುರುತು ಕತ್ತರಿಸುವ ಇಕ್ಕಳವನ್ನು. ನಮ್ಮ ಊರಿನಲ್ಲಿ ಹಂದಿ ಸಾಕುವವರಿಗೆ ಅದನ್ನು ವಿವರಿಸಬೇಕಿಲ್ಲ.

ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ನೋಡಿದರೆ ಕಾಲೊನಿಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯಲ್ಲಿ ಅದು ಮಸುಕಾಗುತ್ತದೆ, ಏಕೆಂದರೆ ಗಂಡುಗಳು ಅಲೆದಾಡುತ್ತವೆ. ಮೆಕ್ವಾರಿ ದ್ವೀಪದ ತಾಯಿವಂಶಕ್ಕೆ ಸೇರಿದ ದಕ್ಷಿಣದ ಆನೆ ಸೀಲ್ ಗಂಡೊಂದು ಸುಮಾರು 8000 ಕಿ.ಮೀ. ದೂರದ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಮರಿಗಳನ್ನು ಪಡೆದದ್ದು 2003ರಲ್ಲಿ ವರದಿಯಾಗಿದೆ. ಆದ್ದರಿಂದ ಒಂದೇ ಬಗೆಯ ಡಿಎನ್‌ಎ ನೋಡಿ ‘ಕಾಲೊನಿಗಳು ಪ್ರತ್ಯೇಕ’ ಎಂದು ಬರೆದ ಪ್ರಬಂಧಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ನಿಜವಾಗಿಯೂ ಪ್ರತ್ಯೇಕಗೊಂಡದ್ದು ಬೇಕಿದ್ದರೆ ಫಿನ್‌ಲ್ಯಾಂಡಿನ ಸೈಮಾ ಸರೋವರದ ಸೀಲ್ ಇದೆ. ಹಿಮಯುಗದ ನಂತರ ನೆಲ ಮೇಲೆದ್ದು ಕಡಲಿನ ದಾರಿ ಮುಚ್ಚಿತು. ಅವುಗಳ ಸಂಖ್ಯೆ ಇಂದಿಗೂ ನೂರುಗಳಲ್ಲಿದೆ.

ಪ್ರತಿಕ್ರಿಯೆ: ಸುಂಟಿಕೊಪ್ಪದ ಬೆಳೆಗಾರ

ನಾನು ವಿಜ್ಞಾನಿಯಲ್ಲ, ಕಾಫಿ ಬೆಳೆಯುವವನು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅರೇಬಿಕಾದ ತಳಿ ವೈವಿಧ್ಯ ತೀರಾ ಕಡಿಮೆ, ಎಲೆ ತುಕ್ಕಿಗೆಂದು ಬೋರ್ಡೋ ಸಿಂಪಡಿಸುವ ಖರ್ಚೂ ಅದಕ್ಕೇ. ಸೀಲ್‌ಗಳ ಪಾಡೂ ಹಾಗೆಯೇ ಇರಬೇಕಲ್ಲವೇ? ಒಂದು ರೋಗ ಬಂದರೆ ಎರಡು ಲಕ್ಷವೂ ಒಟ್ಟಿಗೆ ಮಲಗಬಹುದಲ್ಲ?

ಉತ್ತರ: ವಿರಾಜಪೇಟೆ ಮೂಲದ ಸಂಶೋಧಕ

ಆತಂಕ ಸಹಜವೇ, ಆದರೆ ಪುರಾವೆ ಅಷ್ಟು ಸರಳವಾಗಿಲ್ಲ. ಉತ್ತರದ ಆನೆ ಸೀಲ್‌ಗಳ ಜೀನೋಮನ್ನು (ಇಡೀ ಡಿಎನ್‌ಎಯನ್ನು) ಆರೋಗ್ಯದ ದಾಖಲೆಗಳೊಂದಿಗೆ ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳಸಂಕರ (ಹತ್ತಿರದ ಬಂಧುಗಳ ಕೂಡುವಿಕೆ) ಹೆಚ್ಚಿದ ಪ್ರಾಣಿಗಳ ದೇಹತೂಕ ಕಡಿಮೆಯೆಂದಾಗಲಿ, ಅವಕ್ಕೆ ಕಾಯಿಲೆ ಹೆಚ್ಚೆಂದಾಗಲಿ ಕಂಡುಬರಲಿಲ್ಲ. ಇನ್ನೊಂದು ಕಡೆ, ವೈವಿಧ್ಯವಿದ್ದರೂ ರಕ್ಷಣೆ ಖಚಿತವಲ್ಲ: ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಉತ್ತರದವುಗಳಿಗಿಂತ ಎಷ್ಟೋ ಹೆಚ್ಚು ವೈವಿಧ್ಯವುಳ್ಳ ದಕ್ಷಿಣದ ಆನೆ ಸೀಲ್‌ಗಳಲ್ಲಿ, 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದ ದಡಗಳಲ್ಲಿ ಹಕ್ಕಿಜ್ವರದಿಂದ ಸುಮಾರು 17,000 ಮರಿಗಳು ಸತ್ತವು.

ವೈವಿಧ್ಯದ ಬೆಲೆ ಸ್ಪಷ್ಟವಾಗಿ ಕಾಣುವುದು ಮತ್ತೆ ಬರ್ಡ್ ದ್ವೀಪದಲ್ಲಿ. ಕ್ರಿಲ್ ಸೀಗಡಿ ಕಡಿಮೆಯಾಗುತ್ತಾ ಬಂದ ದಶಕಗಳಲ್ಲಿ, ಬದುಕುಳಿದು ಮರಿ ಹಾಕಿದ ತಾಯಂದಿರು ಸರಾಸರಿಯಲ್ಲಿ ಹೆಚ್ಚು ವೈವಿಧ್ಯದ ಜೀನ್‌ಗಳನ್ನು ಹೊತ್ತವರಾಗಿದ್ದರು ಎಂದು 2014ರಲ್ಲಿ ಫೋರ್ಕಾಡ ಮತ್ತು ಹಾಫ್‌ಮನ್ ತೋರಿಸಿದರು. ಆದರೆ ಆ ಗುಣ ಮರಿಗೆ ಹಾಗೆಯೇ ಇಳಿಯುವುದಿಲ್ಲ. ಪ್ರತಿ ಮರಿಯಲ್ಲೂ ಜೀನ್‌ಗಳು ಹೊಸದಾಗಿ ಜೋಡಿಯಾಗುವುದರಿಂದ ಆಯ್ಕೆ ಮತ್ತೆ ಮೊದಲಿನಿಂದ ನಡೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಕಾಲೊನಿಗಳನ್ನು ಹೋಲಿಸುವಾಗ ಮರಿಗಳ ಮಾದರಿ ಮಾತ್ರ ಇದ್ದರೆ ಸಾಕಾಗುವುದೇ?

ಉತ್ತರ: ಮಡಿಕೇರಿಯ ಜೀವಶಾಸ್ತ್ರ ಉಪನ್ಯಾಸಕಿ

ಸಾಕಾಗುತ್ತದೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ಒಂದೇ ದಡದ ಮರಿಗಳಲ್ಲಿ ಹಲವಕ್ಕೆ ತಂದೆ ಒಬ್ಬನೇ ಆಗಿರುತ್ತಾನೆ. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ, ಒಂದು ಗಂಡಿನ ಸಂಸಾರವೇ ಒಂದು ಪ್ರತ್ಯೇಕ ಕಾಲೊನಿಯಂತೆ ಕಾಣಿಸುತ್ತದೆ. ಮೊದಲು ಬಂಧುತ್ವದ ಲೆಕ್ಕ ಹಾಕಿ, ಅಂಥ ಒಂದೊಂದು ಕುಟುಂಬದಿಂದ ಒಂದು ಮರಿಯನ್ನಷ್ಟೇ ಉಳಿಸಿಕೊಂಡು ಹೋಲಿಸಿ. ಒಂದೇ ವರ್ಷದ ಮರಿಗಳಿಗೆ ಬದಲಾಗಿ ಕೆಲವು ವರ್ಷಗಳ ಮಾದರಿಗಳು ಸಿಗುವುದಾದರೆ ಇನ್ನೂ ಒಳ್ಳೆಯದು, ದಡದ ಯಜಮಾನಿಕೆ ಆ ಹೊತ್ತಿಗೆ ಕೈ ಬದಲಾಗಿರುತ್ತದೆ.