‘ಒಪ್ಪಾ’ ಎಂಬ ಕರೆಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆಯೊಳಗೆ ಬೇಕಾಗಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ಕೊರಿಯನ್ ಧಾರಾವಾಹಿಯೊಂದರ ಕನ್ನಡ ಡಬ್ಬಿಂಗಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಐದನೆಯ ಕಂತಿನ ಧ್ವನಿಮುದ್ರಣವಿದ್ದು, ಒಂದೇ ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಕೊರಿಯನ್ನಿನಲ್ಲಿ ಹೆಣ್ಣುಮಗಳು ಒಡಹುಟ್ಟಿದ ಅಣ್ಣನನ್ನು ‘ಒಪ್ಪಾ’ ಎನ್ನುತ್ತಾಳೆ. ತನಗಿಂತ ದೊಡ್ಡವನಾದ ಗೆಳೆಯನನ್ನೂ, ಪ್ರೀತಿಸಿದವನನ್ನೂ, ಎಷ್ಟೋ ಸಲ ಕಟ್ಟಿಕೊಂಡ ಗಂಡನನ್ನೂ ಹಾಗೆಯೇ ಕರೆಯುತ್ತಾಳೆ. ಇದುವರೆಗಿನ ನಾಲ್ಕು ಕಂತುಗಳಲ್ಲಿ ಒಡಹುಟ್ಟಿದವನಿಗೆ ‘ಅಣ್ಣ’ ಎಂದೂ ನಾಯಕನಿಗೆ ಬರಿಯ ಹೆಸರನ್ನೂ ಹಾಕಿ ದಾಟಿಸಿದ್ದೆ. ಈಗ ಬಸ್ ನಿಲ್ದಾಣದ ದೃಶ್ಯವೊಂದು ಬಂದಿದೆ. ಅಣ್ಣನೂ ನಾಯಕನೂ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದಾರೆ; ಅವಳು ರಸ್ತೆಯ ಆಚೆಯಿಂದ ‘ಒಪ್ಪಾ!’ ಎಂದು ಕೂಗುತ್ತಾಳೆ, ಇಬ್ಬರೂ ತಿರುಗುತ್ತಾರೆ, ಅಣ್ಣನಿಗೆ ಅಲ್ಲಿಯೇ ಎಲ್ಲವೂ ತಿಳಿದುಹೋಗುತ್ತದೆ. ಇಬ್ಬರನ್ನೂ ಒಟ್ಟಿಗೆ ತಿರುಗಿಸುವ ಕನ್ನಡದ ಕರೆ ಯಾವುದು?

ಇನ್ನೊಂದು ಚಿಕ್ಕ ಪ್ರಶ್ನೆ. ಇದೇ ನಾಯಕನನ್ನು ಮೊದಲ ಕಂತಿನಲ್ಲಿ ಅವಳು, ನಡುವಯಸ್ಸಿನ ಗಂಡಸರನ್ನು ಕರೆಯುವ ‘ಅಜೊಶ್ಶಿ’ ಎಂಬ ಪದದಿಂದ ಕರೆದಾಗ ಅವನು ಉರಿದುಬೀಳುತ್ತಾನೆ. ನಾನು ಹಾಕಿದ ‘ಯಜಮಾನರೇ’ ಎಂಬುದು ಸಪ್ಪೆಯಾಗಿದೆ. ತಿದ್ದಲು ಇನ್ನೂ ಅವಕಾಶವಿದೆ.

ಕೇಳಿದವಳು, ಬೆಂಗಳೂರಿನಿಂದ

*

‘ಬಾವ’. ಸೋದರತ್ತೆಯ ಮಗನಿಗೆ, ಸೋದರಮಾವನ ಮಗನಿಗೆ, ಅಂದರೆ ಮದುವೆಯಾಗಬಹುದಾದ ಹಿರಿಯ ಗಂಡಸಿಗೆಂದೇ ಅಚ್ಚಗನ್ನಡ ಪದವೊಂದು ಮನೆಯಲ್ಲಿರುವಾಗ ಕೊರಿಯಾದಿಂದ ಪದ ತರಿಸುವ ಅಗತ್ಯ ನನಗೆ ಕಾಣುವುದಿಲ್ಲ. ದಯವಿಟ್ಟು ‘ಭಾವ’ ಎಂದು ಬರೆಯಬೇಡಿ, ಅದು ಬೇರೆ ಪದ. ಅಜೊಶ್ಶಿಗೆ ‘ಮಾವ’ ಸಾಕು.

ಶಿವಮೊಗ್ಗದಿಂದ

*

ಶಿವಮೊಗ್ಗದವರು ಮಹಾಪ್ರಾಣ ಕಂಡಲ್ಲೆಲ್ಲ ಕತ್ತರಿ ಹಿಡಿಯುವುದು ಹೊಸದೇನಲ್ಲ. ಅಮರಕೋಶದ ನಾಟ್ಯವರ್ಗದಲ್ಲಿ ‘ಭಗಿನೀಪತಿರಾವುತ್ತೋ ಭಾವೋ ವಿದ್ವಾನ್’ ಎಂದಿದೆ. ನಾಟಕದ ಮಾತಿನಲ್ಲಿ ಸೋದರಿಯ ಗಂಡ ‘ಆವುತ್ತ’, ತಿಳಿದವನು ‘ಭಾವ’. ಪಕ್ಕಪಕ್ಕದಲ್ಲಿ ಕುಳಿತ ಈ ಎರಡು ಪದಗಳಲ್ಲಿ ಗೌರವದ ಸಂಬೋಧನೆಯಾದ ಎರಡನೆಯದೇ ಕನ್ನಡದಲ್ಲಿ ಮೊದಲನೆಯದರ ಅರ್ಥವನ್ನು ಹೊತ್ತು ನಿಂತಿತೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಆದುದರಿಂದ ಪದ ಅದೇ ಇರಲಿ, ಆದರೆ ‘ಭಾವ’ ಎಂದೇ ಇರಲಿ.

ಮೈಸೂರಿನಿಂದ

*

ಕೊರಿಯನ್ನರು ತಂದೆಯನ್ನು ‘ಅಪ್ಪಾ’ ಎನ್ನುತ್ತಾರೆ, ತಾಯಿಯನ್ನು ‘ಒಮ್ಮಾ’ ಎನ್ನುತ್ತಾರೆ. ಹೆಣ್ಣುಮಗಳು ಅಕ್ಕನನ್ನು ಕರೆಯುವ ‘ಒನ್ನಿ’ ಎಂಬುದು ತಮಿಳರು ಅತ್ತಿಗೆಯನ್ನು ಕರೆಯುವ ‘ಅಣ್ಣಿ’ಯನ್ನು ನೆನಪಿಸುತ್ತದೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ 1905ರಷ್ಟು ಹಿಂದೆಯೇ ಕೊರಿಯನ್ನಿಗೂ ದ್ರಾವಿಡ ನುಡಿಗಳಿಗೂ ತೌಲನಿಕ ವ್ಯಾಕರಣ ಬರೆದಿದ್ದಾನೆ. ಹಾಗಿರುವಾಗ ‘ಒಪ್ಪಾ’ ನಮ್ಮ ಪದವೇ ಆಯಿತಲ್ಲ? ಎರವಲಿನ ಪ್ರಶ್ನೆಯೇ ಏಳುವುದಿಲ್ಲ.

ಧಾರವಾಡದಿಂದ

*

ಕೇಳಿದವರ ಮುಂದೆ ಇರುವುದು ಒಂದು ರಾತ್ರಿ. ಆದುದರಿಂದ ಮೊದಲು ಉತ್ತರ ಹೇಳಿ, ಆಮೇಲೆ ಕಾರಣ ಹೇಳುತ್ತೇನೆ. ‘ಒಪ್ಪಾ’ ಎಂದೇ ಇಡಿ, ಅಣ್ಣನಿಗೂ ನಾಯಕನಿಗೂ ಇಬ್ಬರಿಗೂ ಇಡಿ. ಹಿಂದಿನ ನಾಲ್ಕು ಕಂತುಗಳಲ್ಲಿ ಅಣ್ಣನನ್ನು ಕರೆಯುವ ಮಾತುಗಳನ್ನು ಮತ್ತೆ ದಾಖಲಿಸಿ.

ಧಾರವಾಡದವರ ವಾದವನ್ನು ಮೊದಲು ಬದಿಗಿಡೋಣ. ಹಲ್ಬರ್ಟನ ಹೋಲಿಕೆಯನ್ನು ಭಾಷಾವಿಜ್ಞಾನಿಗಳು ಒಪ್ಪಿಕೊಂಡಿಲ್ಲ. ಹಾಲುಗಲ್ಲದ ಮಕ್ಕಳ ತುಟಿಯಲ್ಲಿ ಮಕಾರ ಪಕಾರಗಳು ಯಾವ ದೇಶದಲ್ಲಾದರೂ ಮೊದಲು ಹುಟ್ಟುತ್ತವೆ, ಅದರಿಂದ ನೆಂಟಸ್ತನ ಸಾಧಿಸಲು ಬರುವುದಿಲ್ಲ. ‘ಒಪ್ಪಾ’ದ ಹಿಂದೆ ‘ಒರಾಬಿ’ ಎಂಬ ಹಳೆಯ ಪದವಿದೆ. ಅದರ ಗೌರವರೂಪವಾದ ‘ಒರಾಬೊನಿ’ ಇಂದಿಗೂ ಅರಮನೆಯ ಕಾಲದ ಧಾರಾವಾಹಿಗಳಲ್ಲಿ ಕೇಳಿಬರುತ್ತದೆ. ಇವುಗಳನ್ನು ನೋಡದೆ ಇಂದಿನ ರೂಪವನ್ನು ನಮ್ಮ ಅಪ್ಪನ ಪಕ್ಕದಲ್ಲಿ ಕೂರಿಸುವುದು ಸಲ್ಲದು.

ಬಾವನ ವಿಚಾರ ಹೆಚ್ಚು ಗಂಭೀರವಾದದ್ದು. ನಮ್ಮ ನೆಂಟಸ್ತನದ ಪದಗಳು ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬುದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿವೆ. ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗ ಅಣ್ಣ; ಅಲ್ಲಿಗೆ ಬಾಗಿಲು ಮುಚ್ಚಿತು. ಸೋದರತ್ತೆಯ ಮಗ ಬಾವ. ಬಾಗಿಲು ತೆರೆದೇ ಇದೆ. ಕೊರಿಯನ್ನಿನಲ್ಲಿ ತಂದೆಯ ಕಡೆಯವನಾಗಲಿ ತಾಯಿಯ ಕಡೆಯವನಾಗಲಿ, ವಯಸ್ಸಿನಲ್ಲಿ ಹಿರಿಯನಾದ ಪ್ರತಿಯೊಬ್ಬ ಸೋದರಸಂಬಂಧಿಯೂ ಒಪ್ಪಾ, ಮತ್ತು ಅವರಲ್ಲಿ ಯಾರೊಡನೆಯೂ ಮದುವೆಯ ಮಾತೇ ಇಲ್ಲ. ಅವರು ರಕ್ತಸಂಬಂಧವನ್ನು ‘ಛೊನ್’ ಎಂಬ ಎಣಿಕೆಯಿಂದ ಅಳೆಯುತ್ತಾರೆ. ತಂದೆಯ ಒಡಹುಟ್ಟಿದವನು ಮೂರು ಛೊನ್ ದೂರ, ಅವನ ಮಕ್ಕಳು ನಾಲ್ಕು ಛೊನ್ ದೂರ, ಎಂಟು ಛೊನ್‌ವರೆಗೆ ಮದುವೆಗೆ ಕಾನೂನಿನ ತಡೆಯಿದೆ. ಇನ್ನೂ ಹಿಂದೆ, 1997ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ತೀರ್ಪು ಕೊಡುವ ತನಕ, ಮನೆತನದ ಹೆಸರೂ ಮೂಲಸ್ಥಳವೂ ಒಂದೇ ಆಗಿದ್ದವರು ಎಷ್ಟು ತಲೆಮಾರು ದೂರದವರಾದರೂ ಮದುವೆಯಾಗುವಂತಿರಲಿಲ್ಲ. ಹೀಗೆ ಮದುವೆಯ ಗಡಿಯನ್ನು ಕುಲದ ಲೆಕ್ಕವೂ ಕಾನೂನೂ ಕಾಯುತ್ತಿರುವುದರಿಂದ, ಆ ಹೊರೆ ‘ಒಪ್ಪಾ’ದ ಮೇಲೆ ಬಿದ್ದೇ ಇಲ್ಲ. ಆ ಪದ ಹೇಳುವುದು ಮೂರೇ ಸಂಗತಿ: ಕರೆಯುವವಳು ಹೆಣ್ಣು, ಅವನು ಅವಳಿಗಿಂತ ಹಿರಿಯ, ಇಬ್ಬರ ನಡುವೆ ಸಲುಗೆಯಿದೆ. ಅದೇ ಮನುಷ್ಯನನ್ನು ಅವಳ ತಮ್ಮ ಕರೆದರೆ ‘ಹ್ಯೊಂಗ್’ ಆಗುತ್ತದೆ. ಬಸ್ ನಿಲ್ದಾಣದಲ್ಲಿ ಅವಳು ‘ಬಾವಾ’ ಎಂದರೆ ಒಡಹುಟ್ಟಿದವನು ಏಕೆ ತಿರುಗಬೇಕು? ‘ಅಣ್ಣಾ’ ಎಂದರೆ ನಾಯಕ ತಿರುಗಬಹುದು, ಆದರೆ ಅವನ ಕಥೆ ಅಲ್ಲಿಗೇ ಮುಗಿಯಿತು. ನಮ್ಮ ಕಾಲೇಜುಗಳಲ್ಲಿ ಹುಡುಗಿಯೊಬ್ಬಳು ‘ಅಣ್ಣ’ ಎಂದುಬಿಟ್ಟರೆ ಹುಡುಗನ ಮುಖ ಏನಾಗುತ್ತದೆಂಬುದು ಈ ಬಳಗಕ್ಕೆ ತಿಳಿಯದ್ದಲ್ಲ.

ಆಪ್ತತೆಯನ್ನು ‘ನೀವು’ ಬಿಟ್ಟು ‘ನೀನು’ ಹಿಡಿಯುವುದರ ಮೂಲಕ ತೋರಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಕೊರಿಯನ್ನಿನಲ್ಲಿ ಕರೆಪದದ ಏರಿಳಿತ ಬೇರೆ, ಕ್ರಿಯಾಪದದ ಏರಿಳಿತ ಬೇರೆ. ಅವಳು ಮೊದಲು ‘ಒಪ್ಪಾ, ಬನ್ನಿ’ ಎನ್ನಬಹುದು, ತಿಂಗಳುಗಳ ನಂತರ ‘ಒಪ್ಪಾ, ಬಾ’ ಎನ್ನಬಹುದು. ಇವೆರಡೂ ಕಥೆಯಲ್ಲಿ ಎರಡು ಬೇರೆ ಮೆಟ್ಟಿಲುಗಳು; ಮೊದಲನೆಯದಕ್ಕೇ ‘ನೀನು’ ಖರ್ಚು ಮಾಡಿಬಿಟ್ಟರೆ ಎರಡನೆಯದಕ್ಕೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆ ಪದಕ್ಕೆ ಈ ಬಣ್ಣ ಅನಾದಿಯಿಂದ ಬಂದುದೂ ಅಲ್ಲ. 1980ರ ದಶಕದ ವಿಶ್ವವಿದ್ಯಾಲಯಗಳಲ್ಲಿ, ಮುಖ್ಯವಾಗಿ ಚಳವಳಿಯ ಹುಡುಗಿಯರು, ಹಿರಿಯ ವಿದ್ಯಾರ್ಥಿಗಳನ್ನು ಗಂಡುಮಕ್ಕಳಂತೆಯೇ ‘ಹ್ಯೊಂಗ್’ ಎಂದು ಕರೆಯುತ್ತಿದ್ದರು. ಅದೇ ದಶಕದಲ್ಲಿ ಗಾಯಕ ಚೋ ಯೊಂಗ್ ಪಿಲ್‌ನ ಕಾರ್ಯಕ್ರಮಗಳಲ್ಲಿ ಕಿರುಚುತ್ತಿದ್ದ ಹುಡುಗಿಯರಿಗೆ ‘ಒಪ್ಪಾ ಪಡೆ’ ಎಂಬ ಹೆಸರು ಅಂಟಿತು. ಗಂಡನನ್ನು ಒಪ್ಪಾ ಎನ್ನಬಾರದೆಂದು ಭಾಷಾ ಸಂಸ್ಥೆಯವರು ಬುದ್ಧಿ ಹೇಳಿದರು, ಹೆಂಗಸರು ಕೇಳಲಿಲ್ಲ. ಉತ್ತರ ಕೊರಿಯಾವಂತೂ 2023ರ ಜನವರಿಯಲ್ಲಿ ಪ್ಯೊಂಗ್‌ಯಾಂಗ್ ಮಾತನ್ನು ಕಾಪಾಡುವ ಕಾನೂನನ್ನೇ ಮಾಡಿ, ರಕ್ತಸಂಬಂಧವಿಲ್ಲದ ತರುಣನನ್ನು ಒಪ್ಪಾ ಎನ್ನುವುದನ್ನು ನಿಷೇಧಿಸಿತು. ಚಿಕ್ಕ ಮಕ್ಕಳಿಗೆ ವಿನಾಯಿತಿ ಇದೆ, ಯುವಸಂಘದ ವಯಸ್ಸಿಗೆ ಬಂದವರು ‘ಸಂಗಾತಿ’ ಎಂಬರ್ಥದ ‘ದೊಂಗ್ಮು’ ಎನ್ನಬೇಕು. ಒಂದು ಸರ್ಕಾರವೇ ಹೆದರಿದ ಪದವನ್ನು ನಾವು ಅತ್ತೆಯ ಮಗನ ಹೆಸರಿನಲ್ಲಿ ಮುಚ್ಚಿಡುವುದು ನ್ಯಾಯವಲ್ಲ.

ಇನ್ನು ಅಜೊಶ್ಶಿ. ‘ಮಾವ’ ಖಂಡಿತ ಬೇಡ. ನಮ್ಮ ಎಷ್ಟೋ ಕಡೆ ಹೆಂಡತಿ ಗಂಡನನ್ನೇ ಮಾವ ಎನ್ನುವುದರಿಂದ ನೀವು ಹೊಡೆಯಬೇಕಾದ ಜಾಗದಲ್ಲಿ ಸವರಿದಂತಾಗುತ್ತದೆ. ‘ಅಂಕಲ್’ ಹಾಕಿ. ನನಗೆ ಮೂವತ್ತಮೂರು ತುಂಬಿದ ವರ್ಷ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಬ್ಯಾಗನ್ನು ಎದೆಗೆ ಒತ್ತಿಕೊಂಡು ‘ಅಂಕಲ್, ಸ್ವಲ್ಪ ಆ ಕಡೆ ಜರುಗಿ’ ಎಂದಳು. ನಾನು ಜರುಗಿದೆ, ಮತ್ತು ಇಳಿಯುವ ತನಕ ಕಿಟಕಿಯ ಗಾಜಿನಲ್ಲಿ ನನ್ನ ಕಪೋಲವನ್ನು ನೋಡಿಕೊಳ್ಳುತ್ತಿದ್ದೆ. ಮುಂದಿನ ವರ್ಷ ಇಲ್ಲಿಗೆ, ಕೊರಿಯಾಕ್ಕೆ, ಬಂದಾಗ, ಓಣಿಯಲ್ಲಿ ಚೆಂಡು ಕೇಳಿದ ಹುಡುಗಿ ‘ಅಜೊಶ್ಶಿ’ ಎಂದ ಕೂಡಲೇ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಬರೆಯುವಾಗ ಹ್ರಸ್ವ ‘ಒ’ ಇರಲಿ. ಕೊರಿಯನ್ನಿನ ಆ ಬಿಗಿಯಾದ ಪಕಾರಕ್ಕೆ ನಮ್ಮ ಒತ್ತಕ್ಷರ ಚೆನ್ನಾಗಿ ಹೊಂದುತ್ತದೆ. ತೆರೆಯ ಮೇಲೆ ತುಟಿ ಕೂಡುವ ಕ್ಷಣದಲ್ಲಿಯೇ ನಿಮ್ಮ ಕಲಾವಿದೆಯ ತುಟಿಯೂ ಕೂಡುತ್ತದೆ. ‘ಅಣ್ಣಾ’ ಎಂದಾಗ ಅದು ತೆರೆದೇ ಇರುತ್ತದೆ. ‘ಒಪ್ಪ ಓರಣ’ದ ಒಪ್ಪವಾಗಲಿ, ಹವ್ಯಕರ ಮನೆಯ ಒಪ್ಪಣ್ಣನಾಗಲಿ ಅಡ್ಡ ಬರುವುದಿಲ್ಲ. ಆಕ್ಸ್‌ಫರ್ಡ್ ನಿಘಂಟು 2021ರಲ್ಲಿಯೇ ಈ ಪದವನ್ನು ಸೇರಿಸಿಕೊಂಡಿದೆ.

ಸುವೊನ್‌ನಿಂದ, ದಕ್ಷಿಣ ಕೊರಿಯಾ

*

ಆಕ್ಸ್‌ಫರ್ಡಿನವರು ಸೇರಿಸಿಕೊಂಡದ್ದು ನಮಗೆ ಪ್ರಮಾಣವಲ್ಲ. ‘ಅಂಕಲ್’ ಬಂದ ಮೇಲೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯವರು, ಹಾಲಿನವರು ಎಲ್ಲರೂ ಒಂದೇ ಚೀಲದಲ್ಲಿ ಬಿದ್ದರು. ನಮ್ಮ ಮೊಮ್ಮಕ್ಕಳಿಗೆ ಅತ್ತೆಯ ಮಗ ಯಾರು, ಚಿಕ್ಕಮ್ಮನ ಮಗ ಯಾರು ಎಂಬುದು ಈಗ ‘ಕಸಿನ್’ ಎಂಬ ಒಂದೇ ಪದದಲ್ಲಿ ಕರಗಿಹೋಗಿದೆ. ಬಸ್ ನಿಲ್ದಾಣದಲ್ಲಿ ‘ಬಾವ’ ಕೆಲಸಕ್ಕೆ ಬಾರದೆಂಬುದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ.

ಶಿವಮೊಗ್ಗದಿಂದ

*

ಪದವನ್ನು ಕಳೆದುಕೊಂಡದ್ದು ಆಡುವವರು, ‘ಅಂಕಲ್’ ಅಲ್ಲ. ಇಂಗ್ಲಿಷಿನವರ ಊರಿನಲ್ಲಿ ದಾರಿಹೋಕನನ್ನು ಹಾಗೆ ಕರೆದರೆ ಅವನಿಗೆ ಅರ್ಥವಾಗುವುದಿಲ್ಲ. ಆ ಬಳಕೆಯನ್ನು ಮಾಡಿಕೊಂಡದ್ದು ನಾವೇ.

ಸುವೊನ್‌ನಿಂದ

*

ಎಲ್ಲರಿಗೂ ವಂದನೆಗಳು. ಇಂದು ‘ಒಪ್ಪಾ’ ಎಂದೇ ದಾಖಲಿಸಿದೆವು. ಹಿಂದಿನ ಕಂತುಗಳಲ್ಲಿ ‘ಅಣ್ಣ’ ಎಂದಿದ್ದ ಹನ್ನೊಂದು ಕಡೆ ಮತ್ತೆ ಧ್ವನಿ ಕೊಡಿಸಬೇಕಾಯಿತು; ಅದಕ್ಕೆ ಹೆಚ್ಚುವರಿ ಎರಡು ಗಂಟೆ ಹಿಡಿದು, ನನ್ನ ಮೇಲೆ ಸ್ವಲ್ಪ ಗೊಣಗಾಟವೂ ಆಯಿತು. ‘ಅಜೊಶ್ಶಿ’ಯ ಜಾಗದಲ್ಲಿ ‘ಅಂಕಲ್’ ಕೊಂಚ ಗಿಡ್ಡವಾಗಿ, ನಾಯಕಿಯ ಬಾಯಿ ಇನ್ನೂ ಆಡುತ್ತಿರುವಾಗಲೇ ಮಾತು ಮುಗಿದುಹೋಗುತ್ತಿತ್ತು. ಧ್ವನಿ ಕೊಡುವ ಹುಡುಗಿ ಯಾರನ್ನೂ ಕೇಳದೆ ‘ರೀ ಅಂಕಲ್’ ಎಂದಳು. ಅದನ್ನೇ ಉಳಿಸಿಕೊಂಡೆವು.

ಕೇಳಿದವಳು, ಬೆಂಗಳೂರಿನಿಂದ