ಐಗೇಟ್ ಸರ್ವರ್‌ಗೆ ಸೇರಿದೆ, ನಕ್ಷೆಯಲ್ಲಿ ಮಾತ್ರ ಕಾಣುತ್ತಿಲ್ಲ

ಪ್ರಶ್ನೆ: ಮ್ಯೂನಿಕ್‌ನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೊ ರಿಸೀವರ್) ಮತ್ತು ಪ್ಯಾಕೆಟ್ ಬಿಡಿಸಿ ಓದುವ ಡೈರ್‌ವುಲ್ಫ್ ತಂತ್ರಾಂಶ ಸೇರಿಸಿ ಬರೀ ಸ್ವೀಕರಿಸುವ ಎಪಿಆರ್‌ಎಸ್ ಐಗೇಟ್ ಮಾಡಿದ್ದೇನೆ. (ಎಪಿಆರ್‌ಎಸ್ ಎಂದರೆ ಹವ್ಯಾಸಿ ರೇಡಿಯೊದಲ್ಲಿ ಸ್ಥಾನ, ಸಂದೇಶಗಳನ್ನು ಸಣ್ಣ ಪ್ಯಾಕೆಟ್‌ಗಳಾಗಿ ಕಳಿಸುವ ವ್ಯವಸ್ಥೆ; ಅವನ್ನು ಕೇಳಿ ಇಂಟರ್ನೆಟ್ ಸರ್ವರ್‌ಗೆ ದಾಟಿಸುವ ಸ್ಟೇಷನ್ ಐಗೇಟ್.) ಆವರ್ತನ 144.800 ಮೆಗಾಹರ್ಟ್ಸ್. ಪ್ಯಾಕೆಟ್ ಡಿಕೋಡ್ ಆಗುತ್ತಿವೆ, ಸರ್ವರ್ ಸಂಪರ್ಕವೂ ಕಡಿಯದೆ ಉಳಿದಿದೆ. ಆದರೆ ಎಪಿಆರ್‌ಎಸ್ ಡಾಟ್ ಎಫ್‌ಐ ನಕ್ಷೆಯಲ್ಲಿ ನನ್ನ ಸ್ಟೇಷನ್ನೇ ಇಲ್ಲ. ಕಾಲ್‌ಸೈನ್ (ನನ್ನ ರೇಡಿಯೊ ಪರವಾನಗಿಯ ಗುರುತು) ಜೊತೆ -10 ಹಾಕಿದ್ದೇನೆ, ಸರ್ವರ್‌ಗೆ ಲಾಗಿನ್ ಆಗುವ ಪಾಸ್‌ಕೋಡ್ -1.

ಉತ್ತರ: ತಪ್ಪು ಆ -1 ರಲ್ಲೇ ಇದೆ. ಅದನ್ನು ಕೊಟ್ಟರೆ ಸರ್ವರ್ ಒಳಗೆ ಬಿಡುತ್ತದೆ, ಬೇರೆಯವರ ಪ್ಯಾಕೆಟ್‌ಗಳನ್ನೂ ತೋರಿಸುತ್ತದೆ, ನೀವು ಕಳಿಸಿದ್ದನ್ನು ಮಾತ್ರ ಸುಮ್ಮನೆ ಬಿಸಾಡುತ್ತದೆ. ಲಾಗಿನಲ್ಲಿ 'ಲಾಗ್‌ರೆಸ್ಪ್' ಸಾಲು (ಲಾಗಿನ್‌ಗೆ ಸರ್ವರ್ ಕೊಟ್ಟ ಉತ್ತರ) ಹುಡುಕಿ: 'ಅನ್‌ವೆರಿಫೈಡ್', ಅಂದರೆ ದೃಢಪಟ್ಟಿಲ್ಲ, ಎಂದಿರುತ್ತದೆ. ಪಾಸ್‌ಕೋಡ್ ಲೆಕ್ಕ ಹಾಕುವುದು ಮೂಲ ಕಾಲ್‌ಸೈನ್‌ನಿಂದ. -10 ಎಂಬ ಬಾಲ ಲೆಕ್ಕಕ್ಕಿಲ್ಲ. ಡೈರ್‌ವುಲ್ಫ್ ಸೆಟ್ಟಿಂಗ್ ಫೈಲಿನ ಐಜಿಲಾಗಿನ್ ಸಾಲಿನಲ್ಲಿ ಬಾಲಸಮೇತ ಕಾಲ್‌ಸೈನ್, ಪಕ್ಕದಲ್ಲಿ ಸರಿಯಾದ ಪಾಸ್‌ಕೋಡ್ ಬರೆದು ಮರುಚಾಲನೆ ಮಾಡಿ. ಅದೇ ಫೈಲಿನಲ್ಲಿ ನಿಮ್ಮ ಸ್ಥಾನ ಸಾರುವ (ಬೀಕನ್) ಪಿಬೀಕನ್ ಸಾಲಿನಲ್ಲಿ 'ಸೆಂಡ್‌ಟು=ಐಜಿ' ಇರಲಿ; ಅದಿಲ್ಲದಿದ್ದರೆ ನಿಮ್ಮ ಸ್ಥಾನ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಅಲುಗಾಡದ ಸ್ಟೇಷನ್‌ಗೆ 30 ನಿಮಿಷಕ್ಕೊಮ್ಮೆ ಬೀಕನ್ ಧಾರಾಳ.

ಪ್ರಶ್ನೆ: ಈಗ ಕಾಣುತ್ತಿದೆ, ಆದರೆ ಮನೆಯಿಂದ ಸುಮಾರು 30 ಕಿ.ಮೀ. ದೂರ, ಎರ್ಡಿಂಗ್ ಕಡೆ. ಕೊಟ್ಟಿರುವುದು 48^13.70ಎನ್, 11^57.50ಇ.

ಉತ್ತರ: ಗೂಗಲ್ ನಕ್ಷೆಯ 48.137, 11.575 ಅನ್ನೇ ಡಿಗ್ರಿ-ನಿಮಿಷದ ಅಚ್ಚಿಗೆ ತುರುಕಿದ್ದೀರಿ. ^ ಗುರುತಿನ ನಂತರ ಬರಬೇಕಾದದ್ದು ನಿಮಿಷ, ದಶಮಾಂಶವಲ್ಲ. 0.137 ಅನ್ನು 60ರಿಂದ ಗುಣಿಸಿದರೆ 8.22, 0.575 ಅನ್ನು ಗುಣಿಸಿದರೆ 34.50. ಹಾಗಾಗಿ 48^08.22ಎನ್, 11^34.50ಇ. ನಿಮ್ಮದು ಉತ್ತರಕ್ಕೆ ಐದೂವರೆ ನಿಮಿಷ, ಅಂದರೆ 10 ಕಿ.ಮೀ.; ಪೂರ್ವಕ್ಕೆ 23 ನಿಮಿಷ, ಅಂದರೆ 28 ಕಿ.ಮೀ. ಜಾರಿದೆ. ಡೈರ್‌ವುಲ್ಫ್ ದಶಮಾಂಶ ಡಿಗ್ರಿಯನ್ನೂ ನೇರವಾಗಿ ಒಪ್ಪುತ್ತದೆ. ಎರಡನ್ನೂ ಬೆರೆಸಬೇಡಿ, ಅಷ್ಟೇ.

ಪ್ರಶ್ನೆ: ಸ್ಥಾನ ಸರಿಹೋಯಿತು. ಆದರೆ ನನ್ನ ಪರದೆಯಲ್ಲಿ ಡಿಕೋಡ್ ಆದ ಕಾರುಗಳು ನಕ್ಷೆಯಲ್ಲಿ ಬೇರೆ ಐಗೇಟ್ ಹೆಸರಲ್ಲಿ ಬರುತ್ತಿವೆ. ಕೆಲವು ದುರ್ಬಲ ಸ್ಟೇಷನ್ ಡಿಕೋಡೇ ಆಗುತ್ತಿಲ್ಲ.

ಉತ್ತರ: ಮೊದಲನೆಯದು ದೋಷವಲ್ಲ. ಒಂದೇ ಪ್ಯಾಕೆಟ್ 30 ಸೆಕೆಂಡ್ ಒಳಗೆ ಎರಡನೇ ಸಲ ಬಂದರೆ ಸರ್ವರ್ ತಳ್ಳಿಹಾಕುತ್ತದೆ. ಮೊದಲು ತಲುಪಿಸಿದವರ ಹೆಸರು ಉಳಿಯುತ್ತದೆ. ಊರಿನಲ್ಲಿ ಐಗೇಟ್ ಹೆಚ್ಚಿದ್ದಷ್ಟೂ ನಿಮ್ಮ ಹೆಸರು ಕಡಿಮೆ ಕಾಣುತ್ತದೆ. ಪ್ಯಾಕೆಟ್‌ನೊಳಗೆ ಬರೆದಿರುವ ದಾರಿಯ ವಿವರದಲ್ಲಿ 'ನೋಗೇಟ್' ಅಥವಾ 'ಆರ್‌ಎಫ್‌ಓನ್ಲಿ' ಇದ್ದರೆ ಅದನ್ನು ಐಗೇಟ್ ದಾಟಿಸಲೇಬಾರದು.

ಎರಡನೆಯದಕ್ಕೆ ಡಾಂಗಲ್ ಆವರ್ತನ ನೋಡಿ. ಅಗ್ಗದ ಡಾಂಗಲ್ 60 ಪಿಪಿಎಂ (ಹತ್ತು ಲಕ್ಷದಲ್ಲಿ 60 ಭಾಗ) ತಪ್ಪಿದರೆ 144.800ರಲ್ಲಿ 8.7 ಕಿಲೋಹರ್ಟ್ಸ್ ಆಚೆ ಕೂತಿರುತ್ತದೆ. ಗಟ್ಟಿ ಸಿಗ್ನಲ್ ಹೇಗೋ ದಾಟುತ್ತದೆ, ದುರ್ಬಲವಾದದ್ದು ಸಾಯುತ್ತದೆ. ಕಾಲು ಗಂಟೆ ಬಿಸಿಯಾಗಲು ಬಿಟ್ಟು, ಗೊತ್ತಿರುವ ಸಿಗ್ನಲ್‌ಗೆ ಹೋಲಿಸಿ, ಡಾಂಗಲ್‌ನಿಂದ ಆಡಿಯೊ ತೆಗೆಯುವ ಆರ್‌ಟಿಎಲ್-ಎಫ್‌ಎಂ ತಂತ್ರಾಂಶಕ್ಕೆ 'ಪಿ' ಆಯ್ಕೆಯಲ್ಲಿ ತಿದ್ದುಪಡಿ ಕೊಡಿ. ಸ್ಕ್ವೆಲ್ಚ್ (ದುರ್ಬಲ ಸಿಗ್ನಲ್ ಇದ್ದಾಗ ಸದ್ದು ಮುಚ್ಚುವ ಬಾಗಿಲು) ತೆರೆದೇ ಇರಲಿ. ಡೈರ್‌ವುಲ್ಫ್ ತೋರಿಸುವ ಆಡಿಯೊ ಮಟ್ಟ 50ರ ಆಸುಪಾಸು ಸಾಕು. ಅದರ ಪಕ್ಕ ಕಂಸದೊಳಗಿನ ಎರಡು ಸಂಖ್ಯೆ ಪ್ಯಾಕೆಟ್ ಹೊರುವ 1200 ಮತ್ತು 2200 ಹರ್ಟ್ಸ್ ಸ್ವರಗಳದ್ದು. ಒಂದೇ ಸ್ಟೇಷನ್‌ಗೆ ಅವು ಒಂದಕ್ಕೊಂದು ತೀರಾ ಬೇರೆ ಇದ್ದರೆ ತೊಂದರೆ ಅವರ ಟ್ರಾನ್ಸ್‌ಮಿಟರ್‌ದು, ಎಲ್ಲರಿಗೂ ಹಾಗೇ ಇದ್ದರೆ ನಿಮ್ಮ ಕಡೆಯದು. ಆಗ ಡಿ-ಎಂಫಸಿಸ್ (ಎತ್ತರದ ಸ್ವರ ತಗ್ಗಿಸುವ) ಆಯ್ಕೆ ಹಾಕಿದ್ದೀರಾ ನೋಡಿ, ತೆಗೆದುಬಿಡಿ.